ಮಗನ ಮುಂದಿನ ಹಲ್ಲು ಬೂದಿ ಬಣ್ಣ ಆಗಿದೆ, ಕೀಳಿಸ್ಲಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ. ಎಂಟು ವರ್ಷದ ಮಗ ಹೋದ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು, ನೋವು ಹೋಯ್ತಲ್ಲ ಅಂತ ಸುಮ್ನಿದ್ವಿ. ಈಗ ಹಲ್ಲು ಬೂದಿ ಬಣ್ಣ ಆಗಿ ವಸಡಲ್ಲಿ ಗುಳ್ಳೆ ಎದ್ದು ಕೀವು ಬರ್ತಿದೆ. ಶಿವಮೊಗ್ಗದಲ್ಲಿ ತೋರಿಸಿದ್ರೆ ನರ ಸತ್ತಿದೆ, ಬೇರು ಬಲಿತಿಲ್ಲ, ಒಳಗೆ ರಕ್ತ ಬರ್ಸಿ ಬೇರು ಬೆಳೆಸೋ ಟ್ರೀಟ್‌ಮೆಂಟ್ ಮಾಡೋಣ ಅಂದ್ರು. ನಮ್ಮತ್ತೆ ಕೀಳ್ಸಿ ಬಿಡಿ ಅಂತಾರೆ. ಏನ್ ಮಾಡ್ಲಿ?

ಉತ್ತರ: ಕೀಳಿಸ್ಬೇಡಿ ತಾಯಿ. ಅತ್ತೆಯವ್ರು ಹಾಲುಹಲ್ಲು ಅಂದ್ಕೊಂಡಿರ್ಬೇಕು, ಈ ವಯಸ್ಸಿಗೆ ಮೇಲಿನ ಮುಂದಿನ ಹಲ್ಲು ಸಾಮಾನ್ಯವಾಗಿ ಶಾಶ್ವತದ್ದೇ, ಹೋದ್ರೆ ಮತ್ತೆ ಬರಲ್ಲ, ಇಂಪ್ಲಾಂಟ್ ಹಾಕ್ಸೋಕೂ ದವಡೆ ಬೆಳೆದು ಮುಗಿಯೋ ತನಕ ಕಾಯ್ಬೇಕು.

ಹಲ್ಲು ಹುಟ್ಟಿದ ಮೇಲೂ ಬೇರು ಪೂರ್ತಿ ಆಗೋಕೆ ಸುಮಾರು ಮೂರು ವರ್ಷ ಹಿಡಿಯುತ್ತೆ. ಅದ್ರೊಳಗೆ ನರ ಸತ್ರೆ ಬೇರು ಅಷ್ಟಕ್ಕೇ ನಿಂತು, ಗೋಡೆ ತೆಳ್ಳಗೆ, ತುದಿ ಅಗಲಕ್ಕೆ ತೆರ್ಕೊಂಡೇ ಉಳಿಯುತ್ತೆ, ಮಾಮೂಲಿ ರೂಟ್ ಕೆನಾಲ್ ತುಂಬಿದ್ರೆ ಅದು ತುದಿಯಿಂದಾಚೆ ಹೋಗಿಬಿಡುತ್ತೆ. ಮುಂಚೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ತಿಂಗಳುಗಟ್ಟಲೆ ಹಾಕಿ ತುದಿ ಮುಚ್ಚಿಸ್ತಿದ್ರು, ತುದಿ ಮುಚ್ತಿತ್ತು ಆದ್ರೆ ಗೋಡೆ ದಪ್ಪ ಆಗ್ತಿರಲಿಲ್ಲ, ಇನ್ನೊಂದ್ಸಲ ಬಿದ್ರೆ ವಸಡಿನ ಹತ್ರವೇ ಮುರಿಯೋ ಭಯ.

ನಿಮ್ಮ ಡಾಕ್ಟ್ರು ಹೇಳಿದ್ದು 2001ರ ಈಚೆಗೆ ಬಳಕೆಗೆ ಬಂದ ದಾರಿ. ಮೊದಲನೇ ಸಲ ತುಂಬಾ ಕೆರೆಯದೆ ಔಷಧಿ ನೀರಲ್ಲಿ ತೊಳೆದು ಒಳಗೆ ಔಷಧಿ ಇಟ್ಟು ಮುಚ್ತಾರೆ. ಒಂದರಿಂದ ನಾಲ್ಕು ವಾರ ಬಿಟ್ಟು ಗುಳ್ಳೆ ಹೋಗಿದ್ರೆ ಎರಡನೇ ಸಲ, ಆವಾಗ ಅಡ್ರಿನಲಿನ್ ಇಲ್ಲದ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರೆ, ಯಾಕಂದ್ರೆ ಅಡ್ರಿನಲಿನ್ ಇದ್ರೆ ರಕ್ತನಾಳ ಬಿಗಿದು ರಕ್ತಾನೇ ಬರಲ್ಲ. ಸೂಜಿ ಥರದ ಸಣ್ಣ ಫೈಲ್‌ನ ಬೇರಿನ ತುದಿ ದಾಟಿಸಿ 2 ಮಿ.ಮೀ. ಚುಚ್ಚಿದ್ರೆ ರಕ್ತ ಒಳಗೆ ಏರಿ ಹೆಪ್ಪುಗಟ್ಟುತ್ತೆ, ಅದ್ರ ಮೇಲೆ ಎಂಟಿಎ ಥರದ ಸಿಮೆಂಟು. ಬೇರಿನ ತುದಿಯಲ್ಲಿರೋ ಕಾಂಡಕೋಶ (ಸ್ಟೆಮ್ ಸೆಲ್, ಹೊಸ ಅಂಗಾಂಶ ಬೆಳೆಸಬಲ್ಲ ಜೀವಕೋಶ) ಆ ಹೆಪ್ಪಿಗೆ ಬಂದು ಸೇರ್ತವೆ.

ಸತ್ತ ನರ ಮತ್ತೆ ಹುಟ್ಟುತ್ತೆ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, ಒಳಗೆ ಬೆಳೆಯೋದು ಹೆಚ್ಚಾಗಿ ಮೂಳೆ, ಸಿಮೆಂಟಮ್ (ಬೇರಿನ ಹೊರಪದರ) ಥರದ್ದು. ಕೀವು ವಾಸಿಯಾಗೋದು ಮುಖ್ಯ, ಬೇರು ದಪ್ಪ ಆದ್ರೆ ಲಾಭ, ಎಲ್ರಿಗೂ ಆಗಲ್ಲ. ಮೊದಲನೇ ಸಲ ಒಳಗಿಡೋ ಔಷಧಿಯಾಗಿ ಮಿನೋಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಇರೋ ಪೇಸ್ಟ್ ಹಾಕಿದ್ರೆ ಹಲ್ಲು ಇನ್ನೂ ಕಪ್ಪಾಗ್ಬಹುದು, ಅದು ಬೇಡ ಅಂತ ಮೊದ್ಲೇ ಕೇಳಿ.

ಆಮೇಲೆ ಆರು ತಿಂಗಳು, ವರ್ಷ, ಎರಡು ವರ್ಷಕ್ಕೆ ಎಕ್ಸ್‌ರೇ ಬಿಡ್ಬೇಡಿ, ಅಡಿಕೆ ಕೊಯ್ಲಿದೆ ಅಂತ ಮುಂದೂಡೋದೇ ನಮ್ಕಡೆ ಜಾಸ್ತಿ! ಫಲಿಸ್ಲಿಲ್ಲ ಅಂದ್ರೆ ಎಂಟಿಎ ಇಂದ ತುದಿ ಮುಚ್ಚಿ ಹಲ್ಲು ಉಳಿಸೋ ದಾರಿ ಆಗ್ಲೂ ಇದೆ.