ಎಕ್ಸ್‌-ರೇಯಲ್ಲಿ ಅಟೆಲೆಕ್ಟಾಸಿಸ್: ಗಾಬರಿ ಬೇಡ
ಅಪ್ಪನ ಹೊಟ್ಟೆ ಆಪರೇಷನ್ ಆದ ಮರುದಿನ ‘ಅಟೆಲೆಕ್ಟಾಸಿಸ್’ ಅಂದಿದ್ದಾರೆ, ಶ್ವಾಸಕೋಶ ತೂತಾಗಿದೆಯಾ ಅಂತ ಕೇಳಿದ್ದೀರಿ. ಹಾಗಲ್ಲ. ಒಳಗಿನ ಪುಟ್ಟ ಗಾಳಿಚೀಲಗಳು ಗಾಳಿಯಿಲ್ಲದೆ ಮುದುಡಿಕೊಂಡಿವೆ. ಅರಿವಳಿಕೆ ಕೊಟ್ಟ ಮೇಲೆ ಇದು ತುಂಬಾ ಸಾಮಾನ್ಯ. ಹೊಲಿಗೆ ನೋಯುತ್ತೆ ಅಂತ ಉಸಿರನ್ನು ಮೇಲೆಮೇಲೆ ಎಳೆದುಕೊಳ್ಳುತ್ತಾರೆ, ಕೆಮ್ಮು ತಡೆಯುತ್ತಾರೆ, ಕಫ ಕೂತುಬಿಡುತ್ತದೆ.

ಉಸಿರಾಟದ ವ್ಯಾಯಾಮಕ್ಕೆ ಅಂತ ಮೂರು ಚೆಂಡಿನ ಉಪಕರಣ ಕೊಟ್ಟಿರುತ್ತಾರೆ ಅಲ್ವಾ, ಅದನ್ನು ಊದಬಾರದು, ಎಳೆಯಬೇಕು (ಎಷ್ಟೋ ಜನ ಊದುತ್ತಾರೆ!). ನಿಧಾನಕ್ಕೆ ಎಳೆದು, ಚೆಂಡು ಮೇಲೆ ನಿಂತಾಗ 3 ಸೆಕೆಂಡಾದರೂ ಉಸಿರು ಹಿಡಿಯಲಿ. ಎಚ್ಚರವಿದ್ದಾಗ ಗಂಟೆಗೆ ಸುಮಾರು 10 ಸಲ. ಕೆಮ್ಮುವಾಗ ದಿಂಬನ್ನು ಹೊಲಿಗೆಗೆ ಒತ್ತಿಕೊಳ್ಳಲಿ. ನೋವಿನ ಮಾತ್ರೆ ಸುಮ್ನೆ ತಪ್ಪಿಸಬೇಡಿ. ನೋವಿದ್ದರೆ ಉಸಿರು ಆಳಕ್ಕೆ ಇಳಿಯೋದೇ ಇಲ್ಲ. ಡಾಕ್ಟರ್ ಒಪ್ಪಿದರೆ ಎಬ್ಬಿಸಿ ನಡೆಸಿ. ಏದುಸಿರು ಜಾಸ್ತಿಯಾದರೆ, ತುಟಿ ನೀಲಿಯಾದರೆ, ಜ್ವರ ಬಂದರೆ ತಕ್ಷಣ ನರ್ಸ್‌ಗೆ ಹೇಳಿ.