ಸೇತುವೆ ಬಿದ್ದದ್ದು ಹೇಗೆ, ಅದನ್ನು ಬರೆಯಿರಿ

ಪ್ರಿಯ ಲೇಖಕರೇ, ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ, ಜಪಾನಿಯರ ಹಿಡಿತದಲ್ಲಿದ್ದ ಬರ್ಮಾದ ಸೇತುವೆಗಳನ್ನು ಒಡೆದ ಅಮೆರಿಕದ 490ನೇ ಬಾಂಬರ್ ಸ್ಕ್ವಾಡ್ರನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಬರವಣಿಗೆಗೆ ಓಟವೂ ಇದೆ. ಆದರೂ ಓದಿ ಮುಗಿಸುವಷ್ಟರಲ್ಲಿ ಸಿಟ್ಟು ಬಂತು. ಇಷ್ಟು ಒಳ್ಳೆ ವಿಷಯ ಕೈಯಲ್ಲಿಟ್ಟುಕೊಂಡು ಬರೀ ಸದ್ದು ಮಾಡಿದ್ದೀರಿ.

ನಿಮ್ಮ ಮೊದಲ ಸಾಲು: "ಲೋಹದ ಹದ್ದುಗಳು ಸಾವಿನ ದೂತರಂತೆ ಎರಗಿ ಬೆಂಕಿಯ ಮಳೆ ಸುರಿಸಿದವು." ಯಾವ ವಿಮಾನ? ಎಲ್ಲಿಂದ ಹೊರಟಿತು? ಈ ಸಾಲನ್ನು ಲಂಡನ್ ಮೇಲಿನ ದಾಳಿಗೂ ಹಾಕಬಹುದು, ಟೋಕಿಯೋಗೂ ಹಾಕಬಹುದು. ಅವು ಎರಡು ಎಂಜಿನ್‌ನ ಬಿ-25 ಮಿಚೆಲ್ ವಿಮಾನಗಳು. ಢಾಕಾ ಪಕ್ಕದ ಕುರ್ಮಿಟೋಲಾದಿಂದ ಹಾರುತ್ತಿದ್ದವು. ಇದೆಲ್ಲ ನಿಮಗೆ ಗೊತ್ತು, ಮೂರನೇ ಪುಟದಲ್ಲಿ ಬರೆದಿದ್ದೀರಿ. ಮೊದಲ ಸಾಲಿಗೇ ಯಾಕೆ ಬರಲಿಲ್ಲ?

ಮುಂದಿನದು: "ಸೇತುವೆ ಕ್ಷಣಾರ್ಧದಲ್ಲಿ ಧೂಳೀಪಟವಾಯಿತು." ನನಗೆ ಜಾಸ್ತಿ ಬೇಜಾರಾಗಿದ್ದು ಇಲ್ಲೇ. ಸೇತುವೆ ಅಷ್ಟು ಸುಲಭಕ್ಕೆ ಬೀಳುತ್ತಿರಲಿಲ್ಲ, ಅಲ್ವಾ? ಎತ್ತರದಿಂದ ನೋಡಿದರೆ ಅದು ನೀರಿನ ಮೇಲೆ ಎಳೆದ ದಾರದಷ್ಟೇ ಕಾಣುತ್ತದೆ. ಬಾಂಬು ಸ್ವಲ್ಪ ಆಚೀಚೆ ಆದರೂ ನದಿಗೆ ಬೀಳುತ್ತದೆ. ತೀರಾ ಕೆಳಗೆ ಹಾರಿ ಹಾಕಿದರೆ ಬಾಂಬು ಅಡ್ಡಡ್ಡ ಬಿದ್ದು, ಪುಟಿದು, ಗುರಿ ದಾಟಿ ಹೋಗುತ್ತದೆ. 1943ರಲ್ಲಿ ಈ ಹುಡುಗರು ಎಷ್ಟೋ ಸಲ ಬರಿಗೈಯಲ್ಲಿ ವಾಪಸ್ ಬಂದರು.

1944ರ ಜನವರಿ 1ರಂದು ಬರ್ಮಾದ ಮು ನದಿಯ ರೈಲು ಸೇತುವೆಯ ಮೇಲೆ ಈ ಸ್ಕ್ವಾಡ್ರನ್‌ನ ಮೇಜರ್ ರಾಬರ್ಟ್ ಎರ್ಡಿನ್ ದಾಳಿಗೆ ಬಂದರು. ಅಡ್ಡ ಸಿಕ್ಕಿದ್ದನ್ನು ತಪ್ಪಿಸಲು ವಿಮಾನವನ್ನು ಮೇಲೆತ್ತಿ, ಮತ್ತೆ ಕೆಳಗಿಳಿಸುತ್ತಾ ಬಾಂಬು ಬಿಟ್ಟರು. ಬಾಂಬಿನ ಮೂತಿ ಕೆಳಮುಖವಾಗಿತ್ತು. ಅದು ಪುಟಿಯಲಿಲ್ಲ, ನಾಟಿತು. ಸೇತುವೆ ಮುರಿಯಿತು. ಆಕಸ್ಮಿಕವಾಗಿ ಸಿಕ್ಕ ಈ ದಾರಿಯನ್ನೇ ಸ್ಕ್ವಾಡ್ರನ್ ಅಭ್ಯಾಸ ಮಾಡಿ ಪಳಗಿಸಿಕೊಂಡಿತು. 'ಗ್ಲಿಪ್' ಬಾಂಬಿಂಗ್ ಅಂದರೆ ಇದೇ. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಒಂದೂವರೆ ಸಾಲು! ಹದ್ದುಗಳಿಗೆ ಇಡೀ ಪ್ಯಾರಾ.

ನಾನು ವಾರಪತ್ರಿಕೆಗೆ ಸೇರಿದ ಹೊಸದರಲ್ಲಿ ನಮ್ಮ ಡೆಸ್ಕಿನಲ್ಲಿ ಒಬ್ಬ ಹಿರಿಯರಿದ್ದರು. ಪ್ರವಾಹದಲ್ಲಿ ಕೊಚ್ಚಿಹೋದ ಸೇತುವೆಯ ಸುದ್ದಿ ಬರೆಯಲು ನನ್ನನ್ನು ಕಳಿಸಿದರು. ಹೊರಡುವಾಗ ಒಂದೇ ಮಾತು ಹೇಳಿದರು: ಮೊದಲು ಯಾವ ಕಂಬ ಹೋಯಿತು, ಕೇಳಿಕೊಂಡು ಬಾ. ಅಲ್ಲಿ ದೋಣಿ ನಡೆಸುವವರೊಬ್ಬರು ತೋರಿಸಿದರು. ಕಂಬದ ಬುಡದ ಮರಳನ್ನು ನೀರು ಕೊರೆದದ್ದು ಹೇಗೆ, ಕಂಬ ಯಾವ ಕಡೆ ವಾಲಿತು, ಮೇಲಿನ ಹಾಸು ಯಾವಾಗ ಜಾರಿತು, ಎಲ್ಲ. ನಾನು ಅದನ್ನೇ ಬರೆದೆ. ಅವತ್ತಿನಿಂದ ಯಾವುದೇ ಅನಾಹುತದ ಲೇಖನ ಕೈಗೆ ಬಂದರೂ ನಾನು ಹುಡುಕುವುದು ಆ ಮೊದಲ ಕಂಬವನ್ನು.

ಇನ್ನೊಂದು ಸಾಲು ಮನಸ್ಸಿಗೆ ಚುಚ್ಚಿತು: "ಈ ಯುದ್ಧದಲ್ಲಿ ನಮ್ಮ ಬೆಂಗಳೂರಿಗೂ ಪಾಲಿತ್ತು ಎಂಬುದು ಹೆಮ್ಮೆಯ ಸಂಗತಿ." ಏನು ಪಾಲು? 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಅವರ ವಿಮಾನಗಳನ್ನು ಇಲ್ಲಿ ಬಿಚ್ಚಿ, ರಿಪೇರಿ ಮಾಡಿ ಮತ್ತೆ ಹಾರಿಸುತ್ತಿದ್ದರು. ಸಾವಿರಾರು ಜನ ಆ ಕೆಲಸ ಕಲಿತರು. ಕನ್ನಡ ಓದುಗರಿಗೆ ನಿಮ್ಮ ಲೇಖನದ ಬಾಗಿಲು ಇದೇ. ಅದನ್ನು ಹೆಮ್ಮೆ ಅಂತ ಹೇಳಿ ಮುಚ್ಚಿಬಿಟ್ಟಿರಿ. ನಮ್ಮ ಕೆಲಸಗಾರರು ಎಂಜಿನ್ ಇಳಿಸುವುದನ್ನು ತೋರಿಸಿ, ಹೆಮ್ಮೆ ಪಡಬೇಕೋ ಬೇಡವೋ ಓದುಗರು ನೋಡಿಕೊಳ್ಳಲಿ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮು ನದಿಯ ಭಾಗವನ್ನು ಮಾತ್ರ ಹೊಸದಾಗಿ ಬರೆಯಿರಿ, ಎರಡು ಪುಟ ಸಾಕು. ಜಪಾನಿಯರಿಗೆ ಆ ರೈಲುದಾರಿ ಯಾಕೆ ಬೇಕಿತ್ತು, ಒಡೆದ ಸೇತುವೆಯನ್ನು ಅವರು ಹೇಗೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದರು, ಅದೂ ಇರಲಿ. ಸಿದ್ಧವಾದ ಕೂಡಲೇ ನೇರವಾಗಿ ನನ್ನ ಹೆಸರಿಗೇ ಕಳಿಸಿ.