ಬೀಡಿ ಮುಟ್ಟದ ಅಮ್ಮನಿಗೆ ಸಿಒಪಿಡಿ ಹೇಗೆ ಬಂತು?

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ನಮ್ಮದು ಸಣ್ಣ ಕಾಫಿ ತೋಟ. ಕೆಲವು ವರ್ಷಗಳಿಂದ ಅವರಿಗೆ ಕೆಮ್ಮು, ಬೆಳಗ್ಗೆ ಕಫ. ಈಗ ಕಣದಿಂದ ಮನೆಗೆ ಬರುವ ಏರು ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾರೆ. ಡಾಕ್ಟರು ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಬರುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಹೇಳಿ ಇನ್ಹೇಲರ್ ಬರೆದುಕೊಟ್ಟಿದ್ದಾರೆ. ಅಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಹಾಗಾದರೆ ಇದು ಹೇಗೆ ಬಂತು? ಇನ್ಹೇಲರ್ ಒಮ್ಮೆ ಹಿಡಿದರೆ ಬಿಡೋಕಾಗಲ್ಲ ಅಂತಾರೆ, ನಿಜವೇ? ಮನೆಗೆ ಆಕ್ಸಿಜನ್ ಯಂತ್ರ ತರಬೇಕೇ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮಗೆ ನನ್ನದೂ ಒಂದು ಪ್ರಶ್ನೆ ಇದೆ. ಬಚ್ಚಲುಮನೆಯ ಹಂಡೆಗೆ ಈಗಲೂ ಸೌದೆ ಒಲೆಯೇ ಅಲ್ವಾ?

ಹಾಸನದ ನನ್ನ ಕ್ಲಿನಿಕ್‌ಗೆ ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಬರುವ ಹೆಂಗಸರನ್ನೆಲ್ಲ ಇದನ್ನೇ ಕೇಳುತ್ತೇನೆ. "ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು ಡಾಕ್ಟ್ರೇ" ಅನ್ನುತ್ತಾರೆ. ಹಂಡೆಯ ಮಾತೆತ್ತಿದ ಕೂಡಲೇ ನಗುತ್ತಾರೆ. ಮಳೆಗಾಲದಲ್ಲಿ ಆ ಒಲೆ ಬೆಳಗ್ಗೆ ಹೊತ್ತಿಕೊಂಡರೆ ಸಂಜೆವರೆಗೂ ಆರುವುದಿಲ್ಲ. ಸೌದೆ ಹಸಿ, ಹೊಗೆ ಹೋಗಲು ಇರುವುದು ಒಂದು ಸಣ್ಣ ಕಿಂಡಿ. ಊದುಕೊಳವೆ ಹಿಡಿದು ಒಲೆ ಬಾಯಿಗೆ ಮುಖ ಕೊಟ್ಟು ಕೂರುವವರು ಮನೆಯ ಹೆಂಗಸರೇ. ನಿಮ್ಮ ಅಮ್ಮ ಅಡುಗೆ ಒಲೆಯ ಮುಂದೆ ಎಷ್ಟು ದಶಕ ಕೂತಿರಬಹುದು, ಲೆಕ್ಕ ಹಾಕಿ. ಬೀಡಿ ಸೇದದಿದ್ದರೇನು, ಹೊಗೆ ಸೇವನೆ ಆಗಿಯೇ ಆಗಿದೆ.

ಈ ಹೊಗೆಯಿಂದ ಶ್ವಾಸನಾಳ ಊದಿಕೊಂಡು ಕಿರಿದಾಗುತ್ತದೆ, ಕಫ ಕಟ್ಟುತ್ತದೆ. ಒಳಗಿನ ಗಾಳಿಚೀಲಗಳ ಗೋಡೆ ಹಾಳಾಗುತ್ತದೆ. ಎಳೆದ ಉಸಿರು ಪೂರ್ತಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಹಳೆಯ ಗಾಳಿ ಖಾಲಿಯಾಗದಿದ್ದರೆ ಹೊಸದಕ್ಕೆ ಜಾಗ ಎಲ್ಲಿ? ಏರಿನಲ್ಲಿ ಅಮ್ಮ ನಿಲ್ಲುವುದು ಅದಕ್ಕೇ. ಮನೆಯವರು ಸೇದುವ ಬೀಡಿ, ಕೆಲಸದ ಜಾಗದ ದೂಳು, ಹಿಂದೆ ಬಂದುಹೋದ ಟಿಬಿ, ಚಿಕ್ಕಂದಿನ ನ್ಯುಮೋನಿಯಾ ಕೂಡ ಕಾರಣ ಆಗಬಹುದು.

ಸ್ಪೈರೋಮೆಟ್ರಿ ಮಾಡಿಸಿದ್ದೀರಾ? ಪತ್ರದಲ್ಲಿ ಅದರ ಸುದ್ದಿ ಇಲ್ಲ. ಕೊಳವೆಗೆ ಜೋರಾಗಿ ಊದಿಸುವ ಪರೀಕ್ಷೆ ಅದು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರವೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಬಂದದ್ದು 70%ಗಿಂತ ಕಡಿಮೆ ಇದ್ದರೆ ಸಿಒಪಿಡಿ ಎನ್ನಬಹುದು. ಬರೀ ಎಕ್ಸ್‌ರೇ ನೋಡಿ ಹೇಳುವ ಕಾಯಿಲೆ ಇದಲ್ಲ. ಆಸ್ತಮಾ, ಹೃದಯದ ತೊಂದರೆ, ರಕ್ತಹೀನತೆಯಲ್ಲೂ ದಮ್ಮು ಬರುತ್ತದೆ.

ಇನ್ಹೇಲರ್ ಚಟ ಹಿಡಿಸುವುದಿಲ್ಲ. ಬಿಪಿ ಮಾತ್ರೆಯ ಹಾಗೆ, ಕಾಯಿಲೆ ಉಳಿದಿರುವುದರಿಂದ ಔಷಧವೂ ಉಳಿಯುತ್ತದೆ, ಅಷ್ಟೇ. ಹಾಳಾದ ಭಾಗ ಇದರಿಂದ ಮತ್ತೆ ಹೊಸದಾಗುವುದಿಲ್ಲ, ಆದರೆ ದಮ್ಮು ಕಡಿಮೆ ಆಗುತ್ತದೆ, ಪದೇಪದೇ ಆಸ್ಪತ್ರೆ ಸೇರುವುದು ತಪ್ಪುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧವೇ ಮುಖ್ಯ. ಸ್ಟೀರಾಯ್ಡ್ ಇರುವ ಇನ್ಹೇಲರ್ ಎಲ್ಲರಿಗೂ ಬೇಡ, ಆಗಾಗ ಉಲ್ಬಣವಾಗುವವರಿಗೆ ಸೇರಿಸುತ್ತೇವೆ. ಅದನ್ನು ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಎಡವಟ್ಟಾಗುವುದು ಎಳೆಯುವ ರೀತಿಯಲ್ಲಿ. ರೋಟಾಹೇಲರ್ (ಕ್ಯಾಪ್ಸೂಲಿನ ಪುಡಿಯನ್ನು ಉಸಿರಲ್ಲಿ ಎಳೆಯುವ ಸಾಧನ) ತಂದವರಿಗೆ "ನನ್ನೆದುರೇ ಒಂದ್ಸಲ ಎಳೀರಿ" ಅನ್ನುತ್ತೇನೆ. ಕ್ಯಾಪ್ಸೂಲ್ ಹಾಕಿ ತಿರುಗಿಸುವುದರವರೆಗೂ ಸರಿ. ಆಮೇಲೆ ಅದರೊಳಗೇ ಉಸಿರು ಬಿಡುತ್ತಾರೆ, ಬಾಯಿಯ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಕ್ಯಾಪ್ಸೂಲನ್ನು ನೀರಲ್ಲಿ ನುಂಗಿ ಬಂದವರೂ ಇದ್ದಾರೆ! ಮೊದಲು ಹೊರಗೆ ಉಸಿರು ಬಿಡಬೇಕು. ಆಮೇಲೆ ತುಟಿ ಬಿಗಿ ಹಿಡಿದು ಜೋರಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ತಡೆಹಿಡಿಯಬೇಕು. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು. ಜೋರಾಗಿ ಎಳೆಯುವ ಶಕ್ತಿ ಇಲ್ಲದಿದ್ದರೆ ಔಷಧ ಚಿಮ್ಮಿಸುವ ಪಂಪ್ ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ಡಬ್ಬಿ ಕೇಳಿ.

ಆಕ್ಸಿಜನ್ ಯಂತ್ರಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಔಷಧದಲ್ಲಿ ಸ್ಥಿರವಾಗಿದ್ದು, ಸುಮ್ಮನೆ ಕೂತಾಗಲೂ ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ 88% ಅಥವಾ ಅದಕ್ಕಿಂತ ಕೆಳಗೇ ಇರುವವರಿಗೆ, ತಜ್ಞರು ರಕ್ತ ಪರೀಕ್ಷೆ ಮಾಡಿ ಬರೆಯುತ್ತಾರೆ. ದಿನಕ್ಕೆ ಕನಿಷ್ಠ 15 ಗಂಟೆ ಹಾಕಬೇಕಾಗುತ್ತದೆ. ಸೌದೆ ಒಲೆ ಉರಿಯುವ ಮನೆಯಲ್ಲಿ ಅದು ಬೆಂಕಿಯ ಅಪಾಯ ಬೇರೆ. ಆ ದುಡ್ಡಲ್ಲಿ ಸೋಲಾರ್ ಅಥವಾ ಗೀಸರ್ ಹಾಕಿಸಿ. ಆಗದಿದ್ದರೆ ಒಲೆಗೆ ಹೊಗೆ ಕೊಳವೆ ಕಟ್ಟಿಸಿ, ಬೆಂಕಿ ನೋಡಿಕೊಳ್ಳುವ ಕೆಲಸ ಮನೆಯ ಗಂಡಸರು ವಹಿಸಿಕೊಳ್ಳಲಿ.

ಪ್ರತಿವರ್ಷ ಫ್ಲೂ ಲಸಿಕೆ, ಜೊತೆಗೆ ನ್ಯುಮೋಕಾಕಲ್ ಲಸಿಕೆ ಹಾಕಿಸಿ. ಅಮ್ಮ ನಡೆಯುವುದನ್ನು ನಿಲ್ಲಿಸಬಾರದು, ಕೂತಷ್ಟೂ ಕಾಲಿನ ಬಲ ಕುಗ್ಗಿ ದಮ್ಮು ಜಾಸ್ತಿ ಆಗುತ್ತದೆ. ಕಫದ ಬಣ್ಣ ಬದಲಾಗಿ ದಮ್ಮು ಹೆಚ್ಚಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ತುಟಿ ನೀಲಿಯಾದರೆ ಅಥವಾ ಮಂಪರು ಕವಿದರೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ನನಗೂ ಇದೇ ಕಾಯಿಲೆ, 55 ವರ್ಷ. ಬೀಡಿ ಬಿಟ್ಟೆ, ಕೆಮ್ಮು ಇನ್ನೂ ಜಾಸ್ತಿ ಆಯ್ತು. ಮತ್ತೆ ಶುರು ಮಾಡಿದ್ದೇನೆ. ಈ ವಯಸ್ಸಲ್ಲಿ ಬಿಟ್ಟು ಏನು ಪ್ರಯೋಜನ?
– ಓದುಗರು, ಅರಸೀಕೆರೆ

ಉತ್ತರ: ಬಿಟ್ಟ ಮೇಲೆ ಕೆಲವು ವಾರ ಕೆಮ್ಮು ಹೆಚ್ಚಾಗುವುದುಂಟು. ಕಫವನ್ನು ಮೇಲೆ ತಳ್ಳುವ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಇಳಿದಿರುತ್ತವೆ. ಕೆಮ್ಮಿನ ಜೊತೆ ರಕ್ತ ಬಂದರೆ ಅಥವಾ ತೂಕ ಇಳಿದರೆ ಮಾತ್ರ ತಡಮಾಡದೆ ತೋರಿಸಿ. ಅಮೆರಿಕ, ಕೆನಡಾದಲ್ಲಿ ಆರಂಭದ ಹಂತದ ರೋಗಿಗಳನ್ನು 11 ವರ್ಷ ಗಮನಿಸಿದ್ದಾರೆ. ಸೇದುತ್ತಲೇ ಇದ್ದವರ ಶ್ವಾಸಕೋಶದ ಶಕ್ತಿ, ಬಿಟ್ಟವರಿಗಿಂತ ಸುಮಾರು ಎರಡು ಪಟ್ಟು ಬೇಗ ಕುಸಿಯಿತು. ಒಬ್ಬರೇ ಬಿಡಲು ಆಗದಿದ್ದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800 11 2356ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.